ಬೇಸಿಗೆಯಲ್ಲಷ್ಟೇ ಕೆಂಪಾಗುವ ಚಾರ್ಜರ್: ಕುಮಟಾ ಸೀಮೆಯ ಒಂದು ಮನೆಯ ಪ್ರಕರಣ

ಹಿನ್ನೆಲೆ

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆಗೆ ಮುಖ ಮಾಡಿದ ಚಿರೆಕಲ್ಲಿನ ದಿಬ್ಬದ ಮೇಲೊಂದು ಮನೆ. ಕೆಳಗೆ ಗಜನಿ ಗದ್ದೆ (ಉಪ್ಪುನೀರು ನುಗ್ಗುವ ಗದ್ದೆ), ಮೇಲೆ ಗೇರು, ಮಾವು, ನಾಲ್ಕಾರು ತೆಂಗು. ಸಿಂಗಲ್ ಫೇಸ್ ಸಂಪರ್ಕ, ಮಂಜೂರಾದ ಲೋಡ್ 3 ಕಿಲೋವ್ಯಾಟ್. ಊರಿನ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಸುಮಾರು 400 ಮೀಟರ್ ದೂರ. ಲೈನಿನ ತುದಿಯಿಂದ ಎಣಿಸಿದರೆ ಎರಡನೇ ಮನೆ. ವಯರಿಂಗ್ ಆಗಿ ಹದಿನೈದು ವರ್ಷ ಕಳೆದಿದೆ. ಕಾರ್ ಶೆಡ್ ಆಮೇಲೆ ಕಟ್ಟಿದ್ದು. ಮೀಟರ್ ಬೋರ್ಡಿನಿಂದ ಅಲ್ಲಿಗೆ 22 ಮೀಟರ್ ಉದ್ದಕ್ಕೆ 2.5 ಚದರ ಮಿ.ಮೀ. ತಾಮ್ರದ ವಯರ್ ಎಳೆದು ಒಂದು 16 ಆಂಪಿಯರ್ ಸಾಕೆಟ್ ಕೂರಿಸಿದ್ದರು. ಅಂಗಳದ ದೀಪವೂ ಅದೇ ವಯರಿನ ಮೇಲಿತ್ತು.

ಕಾರು ಪ್ಲಗ್-ಇನ್ ಹೈಬ್ರಿಡ್, ಅಂದರೆ ಸಾಕೆಟ್ಟಿಗೆ ಚುಚ್ಚಿ ತುಂಬುವ ಬ್ಯಾಟರಿಯೂ ಪೆಟ್ರೋಲ್ ಎಂಜಿನ್ನೂ ಎರಡೂ ಇರುವಂಥದ್ದು. ಬ್ಯಾಟರಿ 18 ಯೂನಿಟ್‌ನದು, ಬಳಕೆಗೆ ಸಿಗುವುದು ಸುಮಾರು 15. ಮನೆಯ ಯಜಮಾನರ ಕೆಲಸ ಶಿರಸಿಯಲ್ಲಿ, ಹಾಗಾಗಿ ವಾರದ ಬಹುಪಾಲು ದಿನ ದೇವಿಮನೆ ಘಟ್ಟ ಹತ್ತಿ ಇಳಿಯುವ ಓಡಾಟ. ಕಾರಿನ ತೂಕ ಹೆಚ್ಚುಕಡಿಮೆ 2 ಟನ್. ಅದನ್ನು ಕಡಲ ಮಟ್ಟದಿಂದ ಶಿರಸಿಯ ಸುಮಾರು 600 ಮೀಟರ್ ಎತ್ತರಕ್ಕೆ ಎತ್ತುವುದಕ್ಕೇ 3.3 ಯೂನಿಟ್ ಬೇಕು. ಗಾಳಿಯ ತಡೆ, ಟೈರಿನ ಘರ್ಷಣೆ, ಎಸಿ ಎಲ್ಲ ಬೇರೆ ಲೆಕ್ಕ. ರಾತ್ರಿ ಚಾರ್ಜ್ ಆದ ದಿನ ಘಟ್ಟದ ಬಹುಭಾಗ ಬ್ಯಾಟರಿಯ ಮೇಲೇ ಮುಗಿಯುತ್ತಿತ್ತು, ಆಗದ ದಿನ ಪೆಟ್ರೋಲ್ ಎಂಜಿನ್ ಏದುಸಿರು ಬಿಟ್ಟುಕೊಂಡು ಹತ್ತುತ್ತಿತ್ತು.

ಇಲ್ಲೊಂದು ಮಾತು ಹೇಳಿಬಿಡಬೇಕು. ಪೂರ್ತಿ ಬ್ಯಾಟರಿಯ ಕಾರಾಗಿದ್ದರೆ ಮೊದಲ ಬಾರಿ ಚಾರ್ಜ್ ಆಗದಿದ್ದಾಗಲೇ ಮನೆಯವರು ಎದ್ದು ಕೂರುತ್ತಿದ್ದರು. ಹೈಬ್ರಿಡ್ ಹಾಗಲ್ಲ. ಚಾರ್ಜ್ ಇರಲಿ ಬಿಡಲಿ, ಬೆಳಗ್ಗೆ ಗುಂಡಿ ಒತ್ತಿದರೆ ಹೊರಡುತ್ತದೆ. ಈ ಮನೆಯಲ್ಲಿ ದೋಷ ಎರಡು ತಿಂಗಳು ಬೆಳೆಯಲು ಬಿಟ್ಟದ್ದು ಆ ಅನುಕೂಲವೇ.

ಚಾರ್ಜರ್ ಎಂದು ಮನೆಯವರು ಕರೆಯುತ್ತಿದ್ದದ್ದು ಕಾರಿನ ಜೊತೆ ಬಂದ ಕೇಬಲನ್ನು. ಒಂದು ತುದಿಯಲ್ಲಿ ಮೂರು ಪಿನ್ನಿನ ಪ್ಲಗ್, ಇನ್ನೊಂದರಲ್ಲಿ ಕಾರಿಗೆ ಚುಚ್ಚುವ ಗನ್, ನಡುವೆ ಇಟ್ಟಿಗೆಯಷ್ಟು ದೊಡ್ಡ ಡಬ್ಬಿ. ನಿಜವಾದ ಚಾರ್ಜರ್ ಇರುವುದು ಕಾರಿನೊಳಗೆ. ಗೋಡೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವುದು ಅದು. ಡಬ್ಬಿಯದು ಕಾವಲುಗಾರನ ಕೆಲಸ: ಅರ್ಥ್ ಇದೆಯೇ, ಕರೆಂಟ್ ಎಲ್ಲಾದರೂ ಸೋರುತ್ತಿದೆಯೇ, ಪ್ಲಗ್ ಬಿಸಿಯಾಗಿದೆಯೇ, ವೋಲ್ಟೇಜ್ ಮಿತಿಯಲ್ಲಿದೆಯೇ ಎಂದು ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ಒಳಗಿನ ರಿಲೇ (ತಾನೇ ಮುಚ್ಚಿ ತೆರೆಯುವ ಸ್ವಿಚ್) ಮುಚ್ಚಿ ಕಾರಿಗೆ ಕರೆಂಟ್ ಬಿಡುತ್ತದೆ. ಎಷ್ಟು ಆಂಪಿಯರ್ ಎಳೆಯಬಹುದು ಎಂದು ಕಾರಿಗೆ ತಿಳಿಸುವುದೂ ಅದೇ. ಈ ಡಬ್ಬಿಯಲ್ಲಿ 6 ಮತ್ತು 10 ಆಂಪಿಯರ್ ಎಂಬ ಎರಡು ಸೆಟ್ಟಿಂಗ್ ಇದ್ದವು. 10ರಲ್ಲಿ ಬ್ಯಾಟರಿ ತುಂಬಲು ಸುಮಾರು 8 ತಾಸು, 6ರಲ್ಲಿ 13 ತಾಸು.

ದೂರು

ಕಾರು ಬಂದದ್ದು ಆಗಸ್ಟಿನಲ್ಲಿ, ಬಿಡದೆ ಸುರಿಯುವ ಮಳೆಯಲ್ಲಿ. ಡಿಸೆಂಬರ್ ತನಕ ಯಾವ ತಕರಾರೂ ಇರಲಿಲ್ಲ. ಜನವರಿ ಕೊನೆಗೆ ಬೆಳಗ್ಗೆ ನೋಡಿದರೆ ಬ್ಯಾಟರಿ ಅರ್ಧವೂ ತುಂಬಿರುತ್ತಿರಲಿಲ್ಲ. ಕಾದು ನೋಡಿದಾಗ ಗೊತ್ತಾದದ್ದು: ಹಚ್ಚಿದ ಸುಮಾರು 40 ನಿಮಿಷಕ್ಕೆ ಡಬ್ಬಿಯ ಹಸಿರು ದೀಪ ಕೆಂಪಾಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಹಸಿರಾಗಿ ಮತ್ತೆ ಚಾರ್ಜ್ ಶುರು, ಮತ್ತೆ ಕೆಂಪು. ಮಾರ್ಚ್ ಹೊತ್ತಿಗೆ ಬಗೆಯೇ ಬದಲಾಯಿತು. ಪ್ಲಗ್ ಚುಚ್ಚಿದ ಕೂಡಲೇ ಕೆಂಪು, ಮತ್ತೆ ಹಸಿರಾಗುವ ಮಾತೇ ಇಲ್ಲ.

ಮನೆಯವರ ಲೆಕ್ಕದಲ್ಲಿ ಇದು ಒಂದೇ ರೋಗ, ಮೊದಲು ಸಣ್ಣದಿತ್ತು, ಈಗ ಜೋರಾಯಿತು. ಪ್ರಕರಣದ ಅರ್ಧ ಗೋಜಲು ಹುಟ್ಟಿದ್ದು ಈ ಊಹೆಯಿಂದ. ಕೆಂಪು ದೀಪ ಒಂದೇ ಆದರೂ ಅದು ಮಿಣುಕುವ ರೀತಿ ಬೇರೆ ಬೇರೆ. ಈ ಡಬ್ಬಿಯ ಕೈಪಿಡಿಯ ಪ್ರಕಾರ ಎರಡು ಮಿಣುಕು ಎಂದರೆ ಪ್ಲಗ್ ಬಿಸಿ, ನಾಲ್ಕು ಎಂದರೆ ಅರ್ಥ್ ಸಿಗುತ್ತಿಲ್ಲ. (ಈ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ, ನಿಮ್ಮ ಕೈಪಿಡಿಯನ್ನೇ ನೋಡಿ.) ಜನವರಿಯಲ್ಲಿ ಎರಡು ಮಿಣುಕುತ್ತಿತ್ತು, ಮಾರ್ಚಿನಲ್ಲಿ ನಾಲ್ಕು. ಯಾರೂ ಎಣಿಸಿರಲಿಲ್ಲ. ಕೈಪಿಡಿ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಪ್ಲಾಸ್ಟಿಕ್ ಕವರ್ ಹರಿಯದೆ ಕೂತಿತ್ತು.

ಇನ್ನೊಂದು ಸುಳಿವೂ ಕಣ್ಣೆದುರೇ ಇತ್ತು. ಮಾರ್ಚಿನ ಕೆಂಪು, ಗನ್ನನ್ನು ಕಾರಿಗೆ ಚುಚ್ಚುವ ಮೊದಲೇ ಬರುತ್ತಿತ್ತು. ಅಂದರೆ ಕಾರು ಈ ಆಟದಲ್ಲೇ ಇಲ್ಲ. ಡಬ್ಬಿ ಗೋಡೆಯ ಕಡೆ ನೋಡಿ ಬೇಡ ಅನ್ನುತ್ತಿದೆ. ಪ್ಲಗ್ ಹಾಕಿದಾಗ ಹಸಿರಿದ್ದು, ಗನ್ ಚುಚ್ಚಿದ ಮೇಲೆ ಕೆಂಪಾಗಿದ್ದರೆ ಕೇಬಲ್, ಗನ್ನಿನ ಪಿನ್, ಕಾರಿನೊಳಗಿನ ಚಾರ್ಜರ್ ಕಡೆ ಹುಡುಕಬೇಕಿತ್ತು.

ಮಾಡಿ ನೋಡಿದ್ದು

ಮೊದಲು ಡಬ್ಬಿಯನ್ನೇ ಬದಲಿಸಿದರು. ಹತ್ತಿರದ ಸರ್ವಿಸ್ ಸೆಂಟರ್ ಜಿಲ್ಲೆಯ ಆಚೆ. ವಾರಂಟಿಯಲ್ಲಿ ಹೊಸ ಕೇಬಲ್ ಬರುವ ತನಕ ಎರಡು ವಾರ ಕಳೆಯಿತು, ಬಂದದ್ದು ಹಾಕಿದರೆ ಅದೂ ಕೆಂಪು. ಆಗ ಯಜಮಾನರು ಜಾಣತನದ ಒಂದು ಕೆಲಸ ಮಾಡಿದರು. ಹೊಸದು, ಹಳೆಯದು ಎರಡನ್ನೂ ಶಿರಸಿಯ ನೆಂಟರ ಮನೆಗೆ ಒಯ್ದು ಚುಚ್ಚಿ ನೋಡಿದರು. ಎರಡೂ ಹಸಿರು, ಎರಡರಲ್ಲೂ ಕಾರು ಚಾರ್ಜ್ ಆಯಿತು. ಒಂದು ಸಂಜೆಯ ಈ ಪರೀಕ್ಷೆ ಮೊದಲ ದಿನವೇ ಆಗಿದ್ದರೆ ಎರಡು ವಾರ ಉಳಿಯುತ್ತಿತ್ತು. ಏನೇ ಇರಲಿ, ಈಗ ಮಾತು ಸ್ಪಷ್ಟ: ಡಬ್ಬಿ ಸರಿ, ಕಾರು ಸರಿ, ಊರ ಮನೆಯ ಸಾಕೆಟ್ ತಲುಪುವ ಮೂರು ವಯರುಗಳಲ್ಲಿ ಏನೋ ಕೆಟ್ಟಿದೆ.

ಎಲೆಕ್ಟ್ರಿಷಿಯನ್ ಬಂದರು. ಡಿಜಿಟಲ್ ಮಲ್ಟಿಮೀಟರಿನಲ್ಲಿ ಫೇಸ್‌ನಿಂದ ನ್ಯೂಟ್ರಲ್‌ಗೆ 221 ವೋಲ್ಟ್, ಫೇಸ್‌ನಿಂದ ಅರ್ಥ್‌ಗೆ 219 ವೋಲ್ಟ್. "ಅರ್ಥಿಂಗ್ ಸಮಾ ಇದೆ, ನಿಮ್ಮ ಚಾರ್ಜರೇ ಸಿಕ್ಕಾಪಟ್ಟೆ ನಾಜೂಕು" ಎಂದು ತೀರ್ಪಾಯಿತು.

ಇದು ಸಾಮಾನ್ಯವಾಗಿ ಎಲ್ಲರೂ ಮಾಡುವ ಪರೀಕ್ಷೆ, ಮತ್ತು ಇದು ಏನನ್ನೂ ಹೇಳುವುದಿಲ್ಲ. ಡಿಜಿಟಲ್ ಮೀಟರಿನ ಒಳತಡೆ ಸಾಮಾನ್ಯವಾಗಿ 1 ಕೋಟಿ ಓಮ್, ಅಂದರೆ 10 ಮೆಗಾಓಮ್. ಅದರ ಮೂಲಕ ಹರಿಯುವ ಕರೆಂಟ್ ಎಷ್ಟು ಕಡಿಮೆಯೆಂದರೆ ಅರ್ಥ್ ಗುಂಡಿಯ (ಅರ್ಥ್ ಪೈಪ್ ಹೂತ ಹೊಂಡದ) ತಡೆ 5 ಓಮ್ ಇದ್ದರೂ 5,000 ಓಮ್ ಇದ್ದರೂ ಮೀಟರಿನಲ್ಲಿ ಕಾಣುವುದು ಅದೇ 219. ಅರ್ಥ್ ವಯರ್ ಪೂರ್ತಿ ತುಂಡಾಗಿಲ್ಲ ಎಂಬುದಷ್ಟೇ ಇದರಿಂದ ಗೊತ್ತಾಗುವುದು, ಕೆಲವೊಮ್ಮೆ ಅದೂ ಖಾತ್ರಿಯಿಲ್ಲ. ತಡೆ ಬಯಲಾಗಬೇಕಾದರೆ ನಿಜವಾದ ಕರೆಂಟ್ ಹರಿಯಬೇಕು. ನಮ್ಮ ಕಡೆ ಹಳಬರು ಫೇಸ್‌ಗೂ ಅರ್ಥ್‌ಗೂ 100 ವ್ಯಾಟಿನ ಬಲ್ಬ್ ಹಚ್ಚಿ ನೋಡುತ್ತಿದ್ದದ್ದು ಇದಕ್ಕೇ. ಬಲ್ಬ್ ಮಂಕಾಗಿ ಉರಿದರೆ ಅರ್ಥ್ ಕೆಟ್ಟಿದೆ. ಆದರೆ ಹಾಗೆ ಉರಿಯುವಷ್ಟು ಹೊತ್ತೂ ಬಾಕಿ ವೋಲ್ಟೇಜ್ ಮನೆಯ ಅರ್ಥ್ ವಯರಿನ ಮೇಲೆ ಕೂತಿರುತ್ತದೆ. ಈ ಮನೆಯ ಅರ್ಥ್ ಇದ್ದ ಸ್ಥಿತಿಯಲ್ಲಿ ಬಲ್ಬ್ ಪರೀಕ್ಷೆ ಮಾಡಿದ್ದರೆ ಸುಮಾರು 160 ವೋಲ್ಟ್ ಫ್ರಿಜ್ಜಿನ ಮೈಗೂ ವಾಷಿಂಗ್ ಮಷೀನಿನ ಮೈಗೂ ಬರುತ್ತಿತ್ತು. ಅರ್ಥ್ ಟೆಸ್ಟರ್ ಬಾಡಿಗೆಗೆ ಸಿಗುವ ಕಾಲದಲ್ಲಿ ಬಲ್ಬಿನ ಗೋಜು ಬೇಡ.

ತೀರ್ಪಿನ ಬೆನ್ನಿಗೇ ಪರಿಹಾರವೂ ಬಂತು. ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿ, ನ್ಯೂಟ್ರಲ್ ಮತ್ತು ಅರ್ಥ್ ಟರ್ಮಿನಲ್‌ಗಳ ನಡುವೆ ಎರಡಿಂಚಿನ ಒಂದು ವಯರ್ ತುಂಡು, ಅಂದರೆ ಜಂಪರ್, ಸಿಕ್ಕಿಸಿದರು. ಡಬ್ಬಿ ತಕ್ಷಣ ಹಸಿರು. ಎಲ್ಲರಿಗೂ ಸಮಾಧಾನ. ಬಿಸಿಯಾಗುವ ತಕರಾರು ಉಳಿದಿತ್ತು. ಅದಕ್ಕೆ ಸೆಟ್ಟಿಂಗನ್ನು 6 ಆಂಪಿಯರಿಗೆ ಇಳಿಸಿ ಹೆಚ್ಚು ಹೊತ್ತು ಹಚ್ಚಿಡಿ ಎಂದರು. ಹಾಗೆಯೇ ನಡೆಯಿತು.

ಆ ಎರಡಿಂಚಿನ ವಯರ್

ಈ ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ರಕ್ಷಣಾ ಸ್ವಿಚ್) ಇತ್ತು, ಆದರೆ ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆಂದು ಯಾವುದೋ ವರ್ಷ ಅದನ್ನು ಬೈಪಾಸ್ ಮಾಡಿದ್ದರು. ಕರಾವಳಿಯ ಮನೆಗಳಲ್ಲಿ ಇದು ಅಪರೂಪವಲ್ಲ. ಆರ್‌ಸಿಸಿಬಿ ಕೆಲಸ ಮಾಡುತ್ತಿದ್ದರೆ, ಜಂಪರ್ ಹಾಕಿ ಯಾವುದಾದರೊಂದು ಉಪಕರಣ ಚಾಲೂ ಮಾಡಿದ ಕೂಡಲೇ ನ್ಯೂಟ್ರಲಿನ ಒಂದು ಪಾಲು ಕರೆಂಟ್ ಅರ್ಥ್ ಗುಂಡಿಯ ಮೂಲಕ ಹೊರಟು, ಆ ಪಾಲು ಸಾಕಷ್ಟಿದ್ದರೆ, ಅದು ಬೀಳುತ್ತಿತ್ತು, ಕಳ್ಳಾಟ ಅಲ್ಲಿಗೇ ನಿಲ್ಲುತ್ತಿತ್ತು. ತಪ್ಪು ಹಿಡಿಯಬೇಕಾದ ಎರಡು ಕಾವಲುಗಳಲ್ಲಿ ಒಂದನ್ನು ಹಿಂದೆಯೇ ತೆಗೆದಾಗಿತ್ತು, ಇನ್ನೊಂದರ ಕಣ್ಣು ಈಗ ಕಟ್ಟಿದ್ದಾಯಿತು.

ಜಂಪರ್ ಹಾಕುವವರ ಬಳಿ ಒಂದು ವಾದವಿರುತ್ತದೆ, ಅದು ಪೂರ್ತಿ ಸುಳ್ಳೂ ಅಲ್ಲ. ಫೇಸ್ ಉಪಕರಣದ ಲೋಹದ ಮೈಗೆ ತಾಗಿದರೆ ನ್ಯೂಟ್ರಲ್ ಮೂಲಕ ದೊಡ್ಡ ಕರೆಂಟ್ ಹರಿದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಬೀಳುತ್ತದೆ, ಬರೇ ಗುಂಡಿಯನ್ನು ನಂಬಿದರೆ ಬೀಳುವುದಿಲ್ಲ ಅನ್ನುತ್ತಾರೆ. ನ್ಯೂಟ್ರಲ್ ಗಟ್ಟಿಯಾಗಿರುವ ತನಕ ಇದು ಸರಿ. ಕಂಬದ ಮೇಲೆ ನ್ಯೂಟ್ರಲ್ ಬಿಟ್ಟುಹೋದ ಗಳಿಗೆಯಲ್ಲಿ ಕಥೆ ತಿರುಗುತ್ತದೆ. ಫೇಸ್ ಮನೆಯೊಳಗೆ ಬರುತ್ತಲೇ ಇರುತ್ತದೆ; ಚಾಲೂ ಇರುವ ಫ್ಯಾನು, ಫ್ರಿಜ್, ದೀಪಗಳ ಮೂಲಕ ದಾಟಿ ಮನೆಯ ನ್ಯೂಟ್ರಲ್ ವಯರಿಗೆ ಇಳಿಯುತ್ತದೆ; ಅಲ್ಲಿಂದ ಮುಂದೆ ಹೋಗಲು ದಾರಿಯಿಲ್ಲದೆ ಜಂಪರ್ ಮೂಲಕ ಅರ್ಥ್ ವಯರಿಗೆ, ಅರ್ಥ್ ಇರುವ ಪ್ರತಿ ಲೋಹದ ಮೈಗೆ. ಕಾರು ಸಾಕೆಟ್ಟಿಗೆ ಚುಚ್ಚಿದ್ದರೆ ಕಾರಿನ ಇಡೀ ಮೈಗೆ. ಡಬ್ಬಿಗೆ ಬರುವ ಕರೆಂಟ್ ನಿಂತಾಗ ರಿಲೇ ತೆರೆದುಕೊಂಡು ಫೇಸ್ ಮತ್ತು ನ್ಯೂಟ್ರಲ್ ಕಡಿಯುತ್ತದೆ. ಈ ಡಬ್ಬಿಯಲ್ಲಿ ಅರ್ಥ್ ವಯರ್ ಮಾತ್ರ ರಿಲೇ ಇಲ್ಲದೆ ನೇರ ಕಾರಿಗೆ ಹೋಗಿತ್ತು.

ಮನೆಯೊಳಗಿನ ಫ್ರಿಜ್ಜಿಗಿಂತ ಕಾರು ಹೆಚ್ಚು ಅಪಾಯಕಾರಿ. ಅದು ಹೊರಗಿದೆ, ಅದನ್ನು ಮುಟ್ಟುವವರು ಒದ್ದೆ ಮಣ್ಣಿನ ಮೇಲೆ ನಿಂತಿರುತ್ತಾರೆ. ಸರಬರಾಜಿನ ನ್ಯೂಟ್ರಲನ್ನೇ ಅರ್ಥ್ ಆಗಿ ಕೊಡುವ ಪದ್ಧತಿ ಬ್ರಿಟನ್ನಿನಲ್ಲಿ ವ್ಯಾಪಕವಾಗಿದೆ. ಆದರೂ ಹೊರಾಂಗಣದ ಕಾರ್ ಚಾರ್ಜಿಂಗಿಗೆ ಅದನ್ನು ಹಾಗೇ ಬಳಸಲು ಅಲ್ಲಿನ ವಯರಿಂಗ್ ನಿಯಮ ಬಿಎಸ್ 7671 ಬಿಡುವುದಿಲ್ಲ. ನ್ಯೂಟ್ರಲ್ ಕಡಿದರೆ ಗುರುತಿಸುವ ಸಾಧನದಂಥ ಪ್ರತ್ಯೇಕ ರಕ್ಷಣೆ ಕೇಳುತ್ತದೆ. ಅಷ್ಟು ಗಟ್ಟಿ ಜಾಲವಿರುವಲ್ಲೇ ಆ ಎಚ್ಚರ. ನಮ್ಮ ಲೈನುಗಳ ಮೇಲೆ ತೆಂಗಿನ ಹೆಡೆ ಬೀಳದ ವರ್ಷವುಂಟೇ?

ಏಪ್ರಿಲ್ ನಡುವಿನಲ್ಲಿ ಒಂದು ಸಂಜೆ ಗುಡುಗು, ಗಾಳಿ, ಅರ್ಧ ತಾಸಿನ ಮಳೆ. ಹೆಡೆ ಬಿದ್ದು ಕಂಬದ ಹತ್ತಿರ ಸರ್ವೀಸ್ ವಯರಿನ ನ್ಯೂಟ್ರಲ್ ಜಂಪ್ (ಲೈನಿಗೆ ಕಟ್ಟಿದ ಜೋಡಣೆ) ಕಳಚಿತು. ಮನೆಯಲ್ಲಿ ದೀಪ ಆರಿದವು. ಎಲ್ಲರೂ ಕರೆಂಟ್ ಹೋಯಿತೆಂದೇ ತಿಳಿದರು. ಕಾರಿನ ಕಿಟಕಿ ಏರಿಸಲು ಹೋದ ಮನೆಯವರೊಬ್ಬರು ಬಾಗಿಲಿಗೆ ಕೈ ಹಾಕಿದಾಗ ತೋಳಿನ ತನಕ ಜುಮ್ಮೆಂದಿತು. ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ ಇತ್ತು. ಕೂಡಲೇ ಕೈ ಬಿಟ್ಟು, ಯಾರನ್ನೂ ಹತ್ತಿರ ಬಿಡದೆ, ಒಳಗೆ ಹೋಗಿ ಮೇನ್ ಸ್ವಿಚ್ ಕೆಳಗೆ ಹಾಕಿದರು. ಆ ಹೊತ್ತಿನಲ್ಲಿ ತೆಗೆದುಕೊಂಡ ನಿರ್ಧಾರಗಳಲ್ಲಿ ಅತ್ಯಂತ ಸರಿಯಾದದ್ದು ಅದು. ಗನ್ ಕೀಳಲು ಹೋಗಿದ್ದರೆ ಮತ್ತೆ ಕಾರಿನ ಹತ್ತಿರವೇ ಹೋಗಬೇಕಿತ್ತು.

ಸರಿಯಾದ ತಪಾಸಣೆ

ಲೈನ್‌ಮನ್ ಮರುದಿನ ಬಂದು ಜಂಪ್ ಕಟ್ಟಿದರು. ಆಮೇಲೆ ಪರವಾನಗಿ ಇರುವ ಗುತ್ತಿಗೆದಾರರನ್ನು ಕರೆಸಲಾಯಿತು, ಇವರ ಬಳಿ ಅರ್ಥ್ ಟೆಸ್ಟರ್, 500 ವೋಲ್ಟಿನ ಮೆಗ್ಗರ್ (ವಯರಿನ ಇನ್ಸುಲೇಶನ್ ಅಳೆಯುವ ಮೀಟರ್), ಉಷ್ಣತೆ ಅಳೆಯುವ ಗನ್ ಇದ್ದವು. ಮೊದಲ ಕೆಲಸ ಜಂಪರ್ ಕಿತ್ತದ್ದು. ನಂತರ ಮೇನ್ ಆಫ್ ಮಾಡಿ, ಬೋರ್ಡಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಬಾರ್‌ಗಳನ್ನು ಬಿಡಿಸಿ, ಎರಡರ ನಡುವೆ ಸಂಪರ್ಕ ಉಳಿದಿದೆಯೇ ಎಂದು ನೋಡಿದರು. ಉಳಿದಿತ್ತು! ಪಂಪಿನ ಸ್ವಿಚ್ ಪೆಟ್ಟಿಗೆಯಲ್ಲಿ ಅಂಥದ್ದೇ ಇನ್ನೊಂದು ತುಂಡು ಸಿಕ್ಕಿತು. ಒಂದು ಕಡೆ ಜಂಪರ್ ಕಂಡರೆ ಇಡೀ ಮನೆ ಹುಡುಕಬೇಕು.

ಅರ್ಥ್ ಅಳೆಯಲು ಗುಂಡಿಯ ವಯರನ್ನು ಮನೆಯಿಂದ ಬಿಡಿಸಿ, ಕರೆಂಟಿನ ಸಲಾಕೆಯನ್ನು 30 ಮೀಟರ್ ದೂರ, ವೋಲ್ಟೇಜಿನ ಸಲಾಕೆಯನ್ನು ಅದರ ಶೇ. 62ರ ಜಾಗದಲ್ಲಿ, ಅಂದರೆ 18.6 ಮೀಟರಿನಲ್ಲಿ ನೆಡಬೇಕು. ಚಿರೆಕಲ್ಲಿನಲ್ಲಿ ನೆಡುವುದೇ ಕಷ್ಟ. ಕಲ್ಲಿನ ಬಿರುಕಿನಲ್ಲಿ ಮಣ್ಣಿರುವ ಜಾಗ ಹುಡುಕಿ, ನೀರು ಹನಿಸಿ, ಸಲಾಕೆ ಇಳಿಸಿದರು. ವೋಲ್ಟೇಜ್ ಸಲಾಕೆಯನ್ನು 2 ಮೀಟರ್ ಆಚೆ ಈಚೆ ಸರಿಸಿದಾಗಲೂ ಓದು ಹೆಚ್ಚು ಬದಲಾಗಲಿಲ್ಲ, ಹಾಗಾಗಿ ನಂಬಬಹುದು: 780 ಓಮ್. ಅದೂ ಒಂದು ಮಳೆ ಬಿದ್ದ ಮೇಲೆ.

ಇದನ್ನು ಲೆಕ್ಕಕ್ಕೆ ಹಾಕಿ ನೋಡಿ. ಫೇಸ್ ಯಾವುದಾದರೂ ಉಪಕರಣದ ಮೈಗೆ ತಾಗಿದರೆ 221 ವೋಲ್ಟ್ ಭಾಗಿಸು 780 ಓಮ್, ಅಂದರೆ 0.28 ಆಂಪಿಯರ್ ಹರಿಯುತ್ತದೆ. 16 ಆಂಪಿಯರಿನ ಎಂಸಿಬಿಗೆ ಇದು ಒಂದು ಫ್ಯಾನಿನಷ್ಟೂ ಭಾರವಲ್ಲ. ಮೈಮೇಲೆ ಕರೆಂಟ್ ದಿನಗಟ್ಟಲೆ ಕೂತಿದ್ದರೂ ಏನೂ ಬೀಳುವುದಿಲ್ಲ.

ಗುಂಡಿ ಅಗೆದಾಗ ಎರಡು ಸಂಗತಿ ಹೊರಬಿದ್ದವು. ಪೈಪ್ ಇಳಿದಿದ್ದದ್ದು ಬರೇ 1.2 ಮೀಟರ್, ಕಲ್ಲು ಸಿಕ್ಕಲ್ಲಿಗೆ ನಿಲ್ಲಿಸಿ, ಸುತ್ತ ಇದ್ದಿಲು-ಉಪ್ಪು ತುಂಬಿ ಮುಚ್ಚಿದ್ದರು. ಕುಮಟಾದಲ್ಲಿ ವರ್ಷಕ್ಕೆ 3 ಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಉಪ್ಪು ಕೆಲವೇ ಮಳೆಗಾಲಗಳಲ್ಲಿ ತೊಳೆದುಹೋಗುತ್ತದೆ, ಇರುವಷ್ಟು ದಿನ ಪೈಪನ್ನು ತಿನ್ನುತ್ತದೆ. ಎರಡನೆಯದು, ತಾಮ್ರದ ವಯರನ್ನು ಸತು ಲೇಪಿಸಿದ ಕಬ್ಬಿಣದ ಪೈಪಿಗೆ ನೇರ ಸುತ್ತಿ ಬೋಲ್ಟ್ ಬಿಗಿದಿದ್ದರು. ತಾಮ್ರವೂ ಸತುವೂ ಒದ್ದೆಯಲ್ಲಿ ಒಟ್ಟಿಗಿದ್ದರೆ ಮೊದಲು ಸತು ಕರಗುತ್ತದೆ, ಆಮೇಲೆ ಕಬ್ಬಿಣ. ಸ್ಪ್ಯಾನರ್ ತಾಗಿಸಿದಾಗ ಬೋಲ್ಟಿನ ತಲೆ ಬಿಸ್ಕೀಟಿನ ಹಾಗೆ ಉದುರಿತು. ವಯರಿನ ತುದಿ ಹಸಿರು ಹುಡಿ. ಆ ಜಾಗವನ್ನು ಉಜ್ಜಿ ಹೊಸ ಕ್ಲಾಂಪ್ ಹಾಕಿದಾಗ 780 ಇಳಿದು 410 ಆಯಿತು. ಉಳಿದ 410 ಮಣ್ಣಿನದು. ಮಳೆಗಾಲದಲ್ಲಿ ಚಿರೆಕಲ್ಲು ನೀರು ಹೀರಿಕೊಂಡಿದ್ದಾಗ ಇದೇ ಗುಂಡಿ ಡಬ್ಬಿ ಒಪ್ಪುವಷ್ಟು ಕೆಲಸ ಮಾಡುತ್ತಿತ್ತು. ಜನವರಿಯಿಂದ ದಿಬ್ಬ ಒಣಗುತ್ತ ಬಂದ ಹಾಗೆ ತಡೆ ಏರಿ, ಮಾರ್ಚಿನಲ್ಲಿ ಡಬ್ಬಿಯ ಮಿತಿ ದಾಟಿತು.

ಇದೇ ಊರಿನ ಗಜನಿ ಅಂಚಿನ ಮನೆಗಳಲ್ಲಿ ಪರಿಸ್ಥಿತಿ ತಿರುಗುಮುರುಗು. ಅಲ್ಲಿ ಮಣ್ಣೇ ಉಪ್ಪು, ಅರ್ಥ್ ತಡೆ ಏನೂ ಮಾಡದೆ ಕಡಿಮೆ ಬರುತ್ತದೆ, ಆದರೆ ಪೈಪ್ ಬೇಗ ತುಕ್ಕು ಹಿಡಿದು ಹೋಗುತ್ತದೆ. ದಿಬ್ಬದ ಮೇಲಿನವರು ಬೇಸಿಗೆಯಲ್ಲಿ ಅಳೆಯಬೇಕು, ಕೆಳಗಿನವರು ಕೆಲವು ವರ್ಷಕ್ಕೊಮ್ಮೆ ಅಗೆದು ನೋಡಬೇಕು.

ಜನವರಿಯ ದೋಷ ಬೇರೆಯೇ, ಅದು ಸಾಕೆಟ್ಟಿನದು. 10 ಆಂಪಿಯರಿನಲ್ಲಿ 40 ನಿಮಿಷ ಹಚ್ಚಿ ಅಳೆದಾಗ ಸಾಕೆಟ್ಟಿನ ಮುಖ 68 ಡಿಗ್ರಿ ಸೆಲ್ಸಿಯಸ್. ಬಿಚ್ಚಿದರೆ ಫೇಸ್ ಟರ್ಮಿನಲಿನಲ್ಲಿ ವಯರಿನ ಎಳೆಗಳಲ್ಲಿ ಕೆಲವು ಸ್ಕ್ರೂ ಅಡಿಗೆ ಸಿಗದೆ ಹೊರಗಿದ್ದವು, ಸಿಕ್ಕಿದವು ಕಪ್ಪಾಗಿದ್ದವು, ಪಿನ್ ಹಿಡಿಯುವ ಹಿತ್ತಾಳೆ ಪಟ್ಟಿ ಉಪ್ಪುಗಾಳಿಗೆ ಮಂಕಾಗಿ ಸಡಿಲವಾಗಿತ್ತು. ಇಂಥ ಸಂಧಿಯಲ್ಲಿ 0.2 ಓಮ್ ತಡೆ ಇದ್ದರೂ 10 ಆಂಪಿಯರಿಗೆ 20 ವ್ಯಾಟ್ ಶಾಖ ಹುಟ್ಟುತ್ತದೆ, ಬೆರಳಗಲದ ಜಾಗದಲ್ಲಿ. ಗೀಸರು, ಮಿಕ್ಸರ್ ಹತ್ತು ಹದಿನೈದು ನಿಮಿಷ ಓಡಿ ನಿಲ್ಲುತ್ತವೆ, ದೋಷ ಕಾಣುವುದಿಲ್ಲ. ಕಾರು 8 ತಾಸು ಬಿಡದೆ ಎಳೆಯುತ್ತದೆ. 6 ಆಂಪಿಯರಿಗೆ ಇಳಿಸಿದಾಗ ಶಾಖ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲಿಗೆ ಬಂದು ದೂರು ನಿಂತಿತು, ಸಂಧಿ ಸುಡುವುದು ನಿಲ್ಲಲಿಲ್ಲ.

ಕೈಗೊಂಡ ಕೆಲಸ

ಹೊಸ ಅರ್ಥ್ ಎಲ್ಲಿ ಹಾಕುವುದು ಎಂಬುದು ದೊಡ್ಡ ಪ್ರಶ್ನೆಯಾಯಿತು. ಶೆಡ್ಡಿನ ಪಕ್ಕವೇ ಅನುಕೂಲ, ಆದರೆ ಅಲ್ಲಿ ಗಟ್ಟಿ ಕಲ್ಲು. ಮನೆಯ ಹಿಂದೆ ಬಚ್ಚಲ ನೀರು ಹರಿಯುವ ಬಾಳೆ ಬುಡದಲ್ಲಿ ಒಂದೂವರೆ ಮೀಟರ್ ಅಗೆದರೆ ಚಿರೆಕಲ್ಲು ಮುಗಿದು ಶೇಡಿ ಮಣ್ಣು (ಬಿಳಿ ಜೇಡಿಮಣ್ಣು) ಸಿಗುತ್ತಿತ್ತು. ವಯರ್ ಉದ್ದವಾದರೂ ಪರವಾಗಿಲ್ಲ ಎಂದು ಅಲ್ಲಿಗೇ ಹೋದದ್ದು ಒಳ್ಳೆಯ ತೀರ್ಮಾನ. 3 ಮೀಟರ್ ಉದ್ದದ, 17.2 ಮಿ.ಮೀ. ದಪ್ಪದ, ತಾಮ್ರ ಲೇಪಿಸಿದ ಉಕ್ಕಿನ ಸಲಾಕೆ ಎರಡು. ತೂತು 100 ಮಿ.ಮೀ. ಅಗಲ, ಸಲಾಕೆಯ ಸುತ್ತ ಉಪ್ಪಿನ ಬದಲು ಬೆಂಟೊನೈಟ್ (ನೀರು ಹಿಡಿದಿಡುವ ಜೇಡಿಮಣ್ಣು) ಮಿಶ್ರಣ, ಪ್ರತಿ ತೂತಿಗೆ 25 ಕಿಲೋದ ಒಂದು ಚೀಲ, ನೀರಲ್ಲಿ ಕಲಸಿ ಹೊಯ್ದದ್ದು. ಎರಡರ ನಡುವೆ 6 ಮೀಟರ್ ಅಂತರ. ಹತ್ತಿರ ನೆಟ್ಟರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಎರಡನೆಯದರ ದುಡ್ಡು ದಂಡ. ಮೊದಲ ಸಲಾಕೆ ಒಂದೇ ಇದ್ದಾಗ 95 ಓಮ್, ಎರಡೂ ಸೇರಿ 52. ಸಂಧಿಗಳಿಗೆ ತವರ ಲೇಪಿಸಿದ ಲಗ್, ಮೇಲೆ ಗ್ರೀಸು, ನೋಡಲು ಬರುವಂತೆ ಮುಚ್ಚಳದ ಚೇಂಬರ್.

52 ಓಮ್ ಆದರೂ ಎಂಸಿಬಿ ಬೀಳಲು ಸಾಲದು. ಮೈಗೆ ಫೇಸ್ ತಾಗಿದರೆ ಹರಿಯುವುದು 4 ಆಂಪಿಯರ್ ಚಿಲ್ಲರೆ. ಗುಂಡಿ ಚೆನ್ನಾಗಿದ್ದರೆ ಸಾಕು ಎನ್ನುವವರು ಇಲ್ಲಿ ಎಡವುತ್ತಾರೆ. ಸ್ವಂತ ಗುಂಡಿಯನ್ನು ನಂಬಿದ ಮನೆಯಲ್ಲಿ ಜೀವ ಉಳಿಸುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಗುಂಡಿ ಅದಕ್ಕೆ ದಾರಿ ಕೊಡುತ್ತದೆ ಅಷ್ಟೇ. ಆದ್ದರಿಂದ ಬೈಪಾಸ್ ತೆಗೆಯಲೇಬೇಕಿತ್ತು. ತೆಗೆದ ಕೂಡಲೇ ಹಳೆಯ ಕಥೆ, ಆರ್‌ಸಿಸಿಬಿ ನಿಲ್ಲದು. ಎಲೆಕ್ಟ್ರಾನಿಕ್ ಉಪಕರಣಗಳನ್ನೆಲ್ಲ ಬಿಡಿಸಿ ಒಂದೊಂದೇ ಸರ್ಕ್ಯೂಟನ್ನು ಮೆಗ್ಗರಿನಲ್ಲಿ ನೋಡಿದಾಗ ಬಾವಿಯ ಪಂಪಿನದು 0.3 ಮೆಗಾಓಮ್, 1 ಮೆಗಾಓಮಿಗಿಂತ ಕಡಿಮೆ ಇರಬಾರದು. ನೀರಿನೊಳಗಿನ ಕೇಬಲ್ ಸಂಧಿಗೆ ಬರೇ ಟೇಪ್ ಸುತ್ತಿದ್ದರು. ಅದನ್ನು ರೆಸಿನ್ ಕಿಟ್‌ನಲ್ಲಿ ಹೊಸದಾಗಿ ಮಾಡಿ, ಪಂಪು ಮತ್ತು ಅಂಗಳದ ದೀಪಗಳಿಗೆ ಬೇರೆ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡೂ ಸೇರಿದ ಸ್ವಿಚ್) ಕೊಟ್ಟ ಮೇಲೆ ಮಳೆಗಾಲದಲ್ಲಿ ಅಂಗಳದ ದೀಪ ಕೆಟ್ಟರೂ ಅಡುಗೆಮನೆ ಕತ್ತಲಾಗುವುದಿಲ್ಲ. ಹಿಂದೆ ಬೈಪಾಸ್ ಮಾಡಿಸಿದ ಕಾರಣವೇ ಇಲ್ಲವಾಯಿತು, ಇನ್ನು ಯಾರೂ ಅದನ್ನು ಬೈಪಾಸ್ ಮಾಡಲು ಹೋಗರು.

ಕಾರಿಗೆ ಪ್ರತ್ಯೇಕ ಲೈನ್: ಬೋರ್ಡಿನಿಂದ ಶೆಡ್ಡಿಗೆ 4 ಚದರ ಮಿ.ಮೀ. ಮೂರು ಎಳೆಯ ತಾಮ್ರದ ಕೇಬಲ್, 16 ಆಂಪಿಯರಿನ ಸಿ-ಕರ್ವ್ ಎರಡು ಪೋಲಿನ ಎಂಸಿಬಿ, 30 ಮಿಲಿಆಂಪಿಯರಿನ ಟೈಪ್-ಎ ಆರ್‌ಸಿಸಿಬಿ. ಅಂಗಡಿಯಲ್ಲಿ ಹೆಸರು ಹೇಳಿ ಕೇಳದಿದ್ದರೆ ಸಿಗುವುದು ಟೈಪ್-ಎಸಿ. ಅದು ಕಾರಿಗೆ ಬೇಡ, ಚಾರ್ಜರಿನಿಂದ ಸೋರುವ ಡಿಸಿ ಅಂಶ ಅದನ್ನು ಮಂಕಾಗಿಸಬಲ್ಲದು. ಡಬ್ಬಿಯ ಮೇಲೆ ಐಇಸಿ 62752 (ಇಂಥ ಚಾರ್ಜಿಂಗ್ ಕೇಬಲಿನ ಅಂತರರಾಷ್ಟ್ರೀಯ ಮಾನದಂಡ) ಎಂದು ಅಚ್ಚಾಗಿತ್ತು, ಅಂದರೆ 6 ಮಿಲಿಆಂಪಿಯರ್ ಡಿಸಿ ಸೋರಿಕೆಯನ್ನು ಅದೇ ಹಿಡಿಯುತ್ತದೆ. ಹಾಗಾಗಿ ಡಿಸಿ ಸೋರಿಕೆಯನ್ನೂ ಹಿಡಿಯುವ ದುಬಾರಿ ಟೈಪ್-ಬಿ ಬೇಕಾಗಲಿಲ್ಲ. ಸಾಕೆಟ್ ಭಾರೀ ಮಾದರಿಯದು, ಮುಚ್ಚಳವಿರುವ ಪೆಟ್ಟಿಗೆಯಲ್ಲಿ, ಎಳೆಗಳ ತುದಿಗೆ ಫೆರುಲ್ (ಎಳೆಗಳನ್ನು ಒಟ್ಟು ಹಿಡಿಯುವ ಲೋಹದ ಕೊಳವೆ) ಒತ್ತಿ ಬಿಗಿದದ್ದು. ಡಬ್ಬಿಯ ಭಾರ ಪ್ಲಗ್ಗಿನ ಮೇಲೆ ಜೋತುಬೀಳದಂತೆ ಗೋಡೆಗೊಂದು ಕೊಕ್ಕೆ. ಸಾಕೆಟ್ ಸಡಿಲಾಗಲು ಈ ಜೋತಾಟವೂ ಕಾರಣವಾಗಿತ್ತು. ಸಿಡಿಲಿಗೆಂದು ಬೋರ್ಡಿನಲ್ಲಿ ಟೈಪ್-2 ಸರ್ಜ್ ರಕ್ಷಕವನ್ನೂ ಕೂರಿಸಲಾಯಿತು.

ಆಮೇಲೆ

10 ಆಂಪಿಯರಿನಲ್ಲಿ 2 ತಾಸು ಹಚ್ಚಿ ನೋಡಿದಾಗ ಸಾಕೆಟ್ 41 ಡಿಗ್ರಿ, ಹೊರಗೆ 31. ಜುಲೈನಲ್ಲಿ ಅರ್ಥ್ 34 ಓಮ್. ನಿಜವಾದ ಪರೀಕ್ಷೆ ಮುಂದಿನ ಮಾರ್ಚಿನದು, ಆಗ 58. ದೀಪ ಹಸಿರಾಗಿಯೇ ಇತ್ತು. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಮೂರು ತಿಂಗಳಿಗೊಮ್ಮೆ ಒತ್ತುವುದು ಮನೆಯವರ ರೂಢಿಯಾಗಿದೆ. ಉಪ್ಪುಗಾಳಿಯಲ್ಲಿ ಒಳಗಿನ ಯಂತ್ರ ಅಂಟಿಕೊಳ್ಳುವುದುಂಟು.

ಒಂದು ಕೆಲಸ ಬಾಕಿ. 16 ಆಂಪಿಯರಿನ ಗೋಡೆ ಚಾರ್ಜರ್ ಹಾಕಿ 5 ತಾಸಿನಲ್ಲಿ ಮುಗಿಸಬೇಕೆಂಬ ಆಸೆ ಮನೆಯವರಿಗಿತ್ತು. ಹಳೆಯ ವಯರಿನಲ್ಲಿ 10 ಆಂಪಿಯರಿಗೆ ವೋಲ್ಟೇಜ್ 221ರಿಂದ 208ಕ್ಕೆ ಇಳಿಯುತ್ತಿತ್ತು. ಹೊಸ ಕೇಬಲಿನಲ್ಲಿ 210. ಅಂದರೆ ಇಳಿತದ ದೊಡ್ಡ ಪಾಲು ಮನೆಯದಲ್ಲ, ಟಿಸಿಯಿಂದ ಬರುವ ಲೈನಿನದು. ಸಂಜೆ ತೋಟದ ಐಪಿ ಸೆಟ್ಟುಗಳು ಓಡುವಾಗ ಏನೂ ಹಚ್ಚದೆಯೇ 205 ಇರುತ್ತದೆ, ಅದರ ಮೇಲೆ 16 ಆಂಪಿಯರ್ ಎಳೆದರೆ 190ರ ಕೆಳಗೆ. ಜೊತೆಗೆ ಕಾರೊಂದೇ ಮಂಜೂರಾದ 3 ಕಿಲೋವ್ಯಾಟನ್ನು ದಾಟುತ್ತದೆ. ಲೋಡ್ 5 ಕಿಲೋವ್ಯಾಟಿಗೆ ಏರಿಸಲು ಅರ್ಜಿ ಕೊಟ್ಟು, ಲೈನಿನ ತಂತಿ ಬದಲಿಸಲೂ ಕೇಳಲಾಗಿದೆ. ಅದಾಗುವ ತನಕ ಡಬ್ಬಿ 10 ಆಂಪಿಯರಿನಲ್ಲೇ ಇದೆ. ಕಾರಿನ ಟೈಮರ್ ರಾತ್ರಿ ಹತ್ತೂವರೆಗೆ, ಪಂಪುಗಳು ನಿಂತ ಮೇಲೆ. ಬೆಳಗ್ಗೆ ಆರೂವರೆಗೆ ಬ್ಯಾಟರಿ ತುಂಬಿರುತ್ತದೆ.